ಹೀಟಿಂಗ್ ಬಿಲ್ಲು ಹಿಡಿದು ಒಬ್ಬರೇ ಕೂರಬೇಡಿ

(2025ರ ನವೆಂಬರ್ ಕೊನೆಯಲ್ಲಿ ಅಮೆರಿಕದ ಮಿಶಿಗನ್‌ನ ಡೆಟ್ರಾಯಿಟ್ ಸುತ್ತಮುತ್ತಲಿನ ಕನ್ನಡಿಗರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಬೆಳೆದದ್ದು ತಿಪಟೂರಿನ ಹತ್ತಿರ ಒಂದು ಹಳ್ಳಿಯಲ್ಲಿ. ಕರೆಂಟು ಬಿಲ್ಲು ಕಟ್ಟುವುದು ತಡವಾದರೆ ಲೈನ್‌ಮನ್ ಸೈಕಲ್ಲಿನಲ್ಲಿ ಬಂದು, ಫ್ಯೂಸ್ ಕಿತ್ತು, ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದ. ನಿಮ್ಮಲ್ಲಿ ಎಷ್ಟೋ ಜನ ಇದನ್ನು ನೋಡಿರುತ್ತೀರಿ, ಅಲ್ವಾ? ಆ ರಾತ್ರಿ ಬುಡ್ಡಿ ದೀಪ ಹಚ್ಚಿಕೊಂಡು ಊಟ ಮಾಡುತ್ತಿದ್ದೆವು. ಮಾರನೆಯ ದಿನ ಅಪ್ಪ ಎಲ್ಲಿಂದಲೋ ದುಡ್ಡು ಹೊಂದಿಸಿ ಕಟ್ಟಿ ಬರುತ್ತಿದ್ದರು. ಕತ್ತಲಾಗುತ್ತಿತ್ತು, ಅಷ್ಟೆ. ಯಾರ ಜೀವಕ್ಕೂ ಏನೂ ಆಗುತ್ತಿರಲಿಲ್ಲ.

ಇಲ್ಲಿ ಹಾಗಲ್ಲ. ಜನವರಿಯ ಮಿಶಿಗನ್‌ನಲ್ಲಿ ಮನೆ ಬಿಸಿ ಮಾಡುವ ಫರ್ನೇಸ್ ನಿಂತರೆ ಮೊದಲು ಕೈಬೆರಳು ಮರಗಟ್ಟುತ್ತವೆ. ಆಮೇಲೆ ನಲ್ಲಿಯ ಪೈಪು ಹೆಪ್ಪುಗಟ್ಟಿ ಒಡೆಯುತ್ತದೆ. ವಯಸ್ಸಾದವರು, ಎಳೆ ಮಕ್ಕಳು ಇದ್ದರೆ ಪ್ರಾಣಕ್ಕೇ ಬರುತ್ತದೆ. ಅದಕ್ಕೇ ಈ ದೇಶದಲ್ಲಿ ಹೀಟಿಂಗ್ ಬಿಲ್ಲು ಕಟ್ಟಲಾಗದವರಿಗೆ ಸಹಾಯ ಮಾಡಲು ಕಾನೂನುಗಳಿವೆ, ಹಣ ಇದೆ, ಆಫೀಸುಗಳಿವೆ. ನಮ್ಮವರಿಗೆ ಅದು ಗೊತ್ತಿಲ್ಲ. ಗೊತ್ತಿದ್ದವರೂ ಕೇಳುವುದಿಲ್ಲ. ಕೇಳುವವರೂ ತುಂಬಾ ತಡವಾಗಿ ಕೇಳುತ್ತಾರೆ. ಈ ಕೊನೆಯ ಮಾತಿಗೋಸ್ಕರವೇ ನಾನು ಇವತ್ತು ಬಂದಿರುವುದು.

ನನ್ನ ಕಥೆ ಹೇಳುತ್ತೇನೆ. 2009ರ ಜನವರಿ. ಆ ವರ್ಷ ಡೆಟ್ರಾಯಿಟ್‌ನಲ್ಲಿ ಇದ್ದವರಿಗೆ ನೆನಪಿರುತ್ತದೆ. ಕಾರು ಕಂಪನಿಗಳಾದ ಕ್ರೈಸ್ಲರ್ ಏಪ್ರಿಲ್ ಕೊನೆಯಲ್ಲಿ, ಜನರಲ್ ಮೋಟರ್ಸ್ ಜೂನ್ 1ಕ್ಕೆ ದಿವಾಳಿ ಅರ್ಜಿ ಹಾಕಿದ ವರ್ಷ ಅದು. ಅದಕ್ಕೂ ಮೊದಲೇ ಕಾಂಟ್ರಾಕ್ಟ್ ಎಂಜಿನಿಯರುಗಳನ್ನು ಮನೆಗೆ ಕಳಿಸಿಯಾಗಿತ್ತು. ನನ್ನ ಯಜಮಾನರೂ ಅವರಲ್ಲಿ ಒಬ್ಬರು. ಹಿಂದಿನ ವರ್ಷವಷ್ಟೇ ಗ್ರೀನ್ ಕಾರ್ಡ್ ಬಂದಿತ್ತು. ಬಾಡಿಗೆ ಮನೆ, ಇಬ್ಬರು ಮಕ್ಕಳು.

ಫರ್ನೇಸ್ ಉರಿಯುವುದು ಗ್ಯಾಸಿನಿಂದ. ಆ ಗ್ಯಾಸ್ ಬಿಲ್ಲು ಬಂದಾಗ ನಾನು ಲಕೋಟೆ ಒಡೆಯಲಿಲ್ಲ. ಅಡುಗೆಮನೆಯ ಡ್ರಾಯರ್‌ನಲ್ಲಿ ಸೌಟು ಚಮಚಗಳ ಕೆಳಗೆ ಇಟ್ಟೆ. ಮುಂದಿನ ತಿಂಗಳದ್ದನ್ನೂ ಅಲ್ಲೇ ಇಟ್ಟೆ. ಮನೆಯ ಬಿಸಿ ಎಷ್ಟಿರಬೇಕು ಅಂತ ಇಡುವ ಥರ್ಮೋಸ್ಟಾಟನ್ನು 58 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಸಿದೆ. ಅಂದರೆ ನಮ್ಮ ಲೆಕ್ಕದಲ್ಲಿ 14 ಡಿಗ್ರಿ ಸೆಲ್ಸಿಯಸ್. ಮಕ್ಕಳು ಮನೆಯೊಳಗೇ ಜಾಕೆಟ್ ಹಾಕಿಕೊಂಡು ಹೋಂವರ್ಕ್ ಮಾಡುತ್ತಿದ್ದರು. ಇದನ್ನು ಆಟ ಅಂತ ಅವರಿಗೆ ಹೇಳಿದ್ದೆ.

ಒಂದು ದಿನ ದೊಡ್ಡ ಮಗಳ ಊಟದ ಡಬ್ಬಿ ತೊಳೆಯಲು ತೆಗೆದರೆ ಒಳಗೆ ಒಂದು ಚೀಟಿ. ಅವಳ ಟೀಚರ್ ಬರೆದದ್ದು. ಮೂರೇ ಅಂಕಿ: 2-1-1. ಕಷ್ಟದಲ್ಲಿರುವವರಿಗೆ ಸಹಾಯ ಎಲ್ಲಿ ಸಿಗುತ್ತದೆ ಅಂತ ಹೇಳುವ ಫೋನ್ ನಂಬರ್. ಕೆಳಗೆ, ಮನೆ ಬೆಚ್ಚಗಿಡಲು ಇವರು ಸಹಾಯ ಮಾಡುತ್ತಾರೆ ಅಂತ ಒಂದು ಸಾಲು. ಮಗಳು ಕ್ಲಾಸಿನಲ್ಲಿ ಜಾಕೆಟ್ ಆಟದ ಬಗ್ಗೆ ಹೇಳಿದ್ದಳು. ನನಗೆ ಮೊದಲು ಬಂದದ್ದು ಸಿಟ್ಟು. ನಮ್ಮ ಮನೆ ವಿಷಯ ಇವರಿಗ್ಯಾಕೆ ಅನಿಸಿತು. ಚೀಟಿಯನ್ನೂ ಅದೇ ಡ್ರಾಯರ್‌ಗೆ ಹಾಕಿದೆ. ಒಂಬತ್ತು ದಿನ ಅದು ಅಲ್ಲೇ ಇತ್ತು. ಆ ಒಂಬತ್ತು ದಿನದಲ್ಲಿ ಗ್ಯಾಸ್ ಕಡಿಯುತ್ತೇವೆ ಅನ್ನುವ ನೋಟಿಸ್ ಬಂತು.

ಕೊನೆಗೆ ಫೋನ್ ಮಾಡಿದೆ. ಆ ಕಡೆಯ ಹೆಂಗಸು ಮೊದಲು ಕೇಳಿದ್ದು ನನ್ನ ಹೆಸರನ್ನಲ್ಲ. ಈಗ ಮನೆ ಬೆಚ್ಚಗಿದೆಯಾ, ಮಕ್ಕಳಿದ್ದಾರಾ ಅಂತ ಕೇಳಿದರು. ನನಗೆ ಉತ್ತರ ಹೇಳಲು ದನಿ ಬರಲಿಲ್ಲ. ಅವರು ಕಾದರು. ಆಮೇಲೆ ಅರ್ಧ ಗಂಟೆ ಕೂತು ಎಲ್ಲಿ ಅರ್ಜಿ ಹಾಕಬೇಕು, ಕಂಪನಿಗೆ ಫೋನ್ ಮಾಡಿ ಏನು ಹೇಳಬೇಕು, ಯಾವ ಕಾಗದ ಬೇಕು ಎಲ್ಲ ಬರೆಸಿದರು. ಫೋನ್ ಇಡುವ ಮುಂಚೆ ಒಂದು ಮಾತು ಹೇಳಿದರು. ಮೊದಲ ಬಿಲ್ಲು ಬಂದಾಗಲೇ ಕರೆ ಮಾಡಿದ್ದರೆ ಲೇಟ್ ಫೀ ಇರುತ್ತಿರಲಿಲ್ಲ, ನೋಟಿಸ್ ಬರುತ್ತಿರಲಿಲ್ಲ, ಎರಡು ತಿಂಗಳು ನೀವು ಚಳಿಯಲ್ಲಿ ಕೂರಬೇಕಾಗಿರಲಿಲ್ಲ ಅಂತ.

ಅದೇ ಜನವರಿಯಲ್ಲಿ ಇಲ್ಲಿಂದ ಎರಡು ಗಂಟೆ ದಾರಿಯ ಬೇ ಸಿಟಿಯಲ್ಲಿ ಒಂದು ಘಟನೆ ನಡೆಯಿತು. 93 ವರ್ಷದ ಒಬ್ಬ ಹಿರಿಯರು, ಎರಡನೆಯ ಮಹಾಯುದ್ಧದಲ್ಲಿ ಕೆಲಸ ಮಾಡಿದವರು, ತಮ್ಮ ಮನೆಯೊಳಗೇ ಚಳಿಗೆ ಹೆಪ್ಪುಗಟ್ಟಿ ತೀರಿಕೊಂಡರು. ಸಾವಿರ ಡಾಲರ್ ಚಿಲ್ಲರೆ ಬಿಲ್ಲು ಬಾಕಿ ಇತ್ತು. ಊರಿನ ವಿದ್ಯುತ್ ವಿಭಾಗದವರು ಕರೆಂಟು ಮಿತಿ ಮೀರಿದರೆ ತಾನೇ ನಿಲ್ಲುವ ಒಂದು ಲಿಮಿಟರ್ ಅನ್ನು ಮೀಟರ್‌ಗೆ ಹಾಕಿ ಹೋಗಿದ್ದರು. ನಾಲ್ಕು ದಿನದ ಮೇಲೆ ಪಕ್ಕದ ಮನೆಯವರು ಹೋಗಿ ನೋಡಿದರು. ಅಡುಗೆಮನೆಯ ಮೇಜಿನ ಮೇಲೆ ಬಿಲ್ಲುಗಳಿದ್ದವು. ಅವಕ್ಕೆ ದುಡ್ಡು ಸಿಕ್ಕಿಸಿ ಇಟ್ಟಿತ್ತು. ಆ ವಯಸ್ಸಾದವರ ಹತ್ತಿರ ಹಣ ಇತ್ತು. ಹತ್ತಿರ ಇಲ್ಲದ್ದು ಒಬ್ಬ ಮನುಷ್ಯ. ಮಿಶಿಗನ್‌ನ ಪೇಪರುಗಳಲ್ಲಿ ತಿಂಗಳುಗಟ್ಟಲೆ ಅದೇ ಸುದ್ದಿ. ಆ ಸುದ್ದಿ ಓದಿದ ದಿನ ನಾನು ಡ್ರಾಯರ್ ಬರಿದು ಮಾಡಿದೆ.

ಇವತ್ತಿಗೂ ನನಗೆ ಯಾರಾದರೂ "ಬಿಲ್ಲು ಎಲ್ಲಿಟ್ಟಿದ್ದೇನೋ ನೆನಪಿಲ್ಲ ಅಕ್ಕ" ಅಂದರೆ ಎದೆ ಧಸಕ್ಕೆನ್ನುತ್ತದೆ.

ಸರಿ, ಈಗ ಆ ಸಹಾಯ ಏನು, ಎಲ್ಲಿಂದ ಬರುತ್ತದೆ ನೋಡೋಣ. ದೊಡ್ಡದು ಲೈಹೀಪ್. ಕಡಿಮೆ ಆದಾಯದವರ ಮನೆಯ ಇಂಧನಕ್ಕೆ ಕೇಂದ್ರ ಸರ್ಕಾರ ಕೊಡುವ ಹಣ ಇದು. ಎಪ್ಪತ್ತರ ದಶಕದಲ್ಲಿ ತೈಲದ ಬೆಲೆ ಆಕಾಶಕ್ಕೇರಿದಾಗ ಜನ ಮನೆ ಬೆಚ್ಚಗಿಡಲಾಗದೆ ಒದ್ದಾಡಿದರು. ಅದಾದ ಮೇಲೆ 1981ರಲ್ಲಿ ಈ ಕಾನೂನು ಬಂತು. ಈಚಿನ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 400 ಕೋಟಿ ಡಾಲರ್ ಇದಕ್ಕೆ ಇಡುತ್ತಿದ್ದಾರೆ. ಸುಮಾರು 60 ಲಕ್ಷ ಮನೆಗಳಿಗೆ ತಲುಪುತ್ತದೆ. ಕೇಂದ್ರ ಹಣವನ್ನು ರಾಜ್ಯಗಳಿಗೆ ಹಂಚುತ್ತದೆ. ರಾಜ್ಯಗಳು ತಮ್ಮ ತಮ್ಮ ರೀತಿಯಲ್ಲಿ ಜನಕ್ಕೆ ಕೊಡುತ್ತವೆ. ಹಾಗಾಗಿ ಓಹಾಯೋದಲ್ಲಿರುವ ನಿಮ್ಮ ತಂಗಿ ಹೇಳಿದ ದಾರಿ ನಿಮಗೆ ಇಲ್ಲಿ ನಡೆಯದಿರಬಹುದು. ಅಲ್ಲಿ ಆದಾಯದ ಇಷ್ಟು ಭಾಗ ಅಂತ ತಿಂಗಳು ತಿಂಗಳು ಕಟ್ಟುವ ಯೋಜನೆ ಇದೆ. ಮಿನೆಸೋಟಾದಲ್ಲಿ ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಚಳಿಗಾಲದ ರಕ್ಷಣೆ ಇದೆ. ಕ್ಯಾಲಿಫೋರ್ನಿಯಾದಲ್ಲಿ ಕೇರ್ ಅನ್ನುವ ಯೋಜನೆಯಲ್ಲಿ ಕರೆಂಟು ಬಿಲ್ಲಿಗೆ ಶೇಕಡಾ 30ರಿಂದ 35ರಷ್ಟು ರಿಯಾಯಿತಿ. ನಾನು ಮಿಶಿಗನ್ ಬಗ್ಗೆ ಮಾತಾಡುತ್ತೇನೆ, ನನಗೆ ಗೊತ್ತಿರುವುದು ಇದು.

ಯಾರಿಗೆ ಸಿಗುತ್ತದೆ? ಕಾನೂನಿನ ಪ್ರಕಾರ ಬಡತನ ರೇಖೆಯ ಶೇಕಡಾ 150, ಇಲ್ಲವೇ ರಾಜ್ಯದ ನಡುಮಟ್ಟದ ಆದಾಯದ ಶೇಕಡಾ 60, ಇವೆರಡರಲ್ಲಿ ಯಾವುದು ಜಾಸ್ತಿಯೋ ಅಲ್ಲಿಯವರೆಗೆ ರಾಜ್ಯ ಕೊಡಬಹುದು. 2025ರಲ್ಲಿ ನಾಲ್ಕು ಜನರ ಮನೆಗೆ ಬಡತನ ರೇಖೆ 32,150 ಡಾಲರ್. ಅದರ ಒಂದೂವರೆ ಪಟ್ಟು 48,225. ಗಂಡ ಹೆಂಡತಿ ಇಬ್ಬರೇ ಇದ್ದರೆ 31,725. ಈ ಅಂಕಿ ಕೇಳಿ ನಿಮ್ಮಲ್ಲಿ ಕೆಲವರು, ಅಯ್ಯೋ ನಮ್ಮ ಸಂಬಳ ಇದಕ್ಕಿಂತ ಜಾಸ್ತಿ, ಇದು ನಮಗಲ್ಲ ಅಂದುಕೊಂಡಿರುತ್ತೀರಿ. ಸ್ವಲ್ಪ ನಿಲ್ಲಿ. ತುರ್ತು ಸಹಾಯ ಕೊಡುವಾಗ ನೋಡುವುದು ಸಾಮಾನ್ಯವಾಗಿ ಹೋದ ವರ್ಷದ ಸಂಬಳವನ್ನಲ್ಲ, ಈ 30 ದಿನದ ಆದಾಯವನ್ನು. ಮಾರ್ಚ್‌ವರೆಗೆ ಲಕ್ಷ ಡಾಲರ್ ಲೆಕ್ಕದಲ್ಲಿ ದುಡಿದವರು ನವೆಂಬರ್‌ನಲ್ಲಿ ಲೇಆಫ್ ಆಗಿ ಕೂತಿದ್ದರೆ ಅವರ ಈಗಿನ ಆದಾಯ ಏನು? ಅದನ್ನು ಬರೆಯಿರಿ. ಸ್ವಂತ ಮನೆ ಇದೆ ಅನ್ನುವುದೂ ಅಡ್ಡಿಯಲ್ಲ.

ಇನ್ನೊಂದು ವಿಷಯ. ಮನೆ ಅಂದರೆ ಯಾರು? ಒಂದೇ ಸೂರಿನ ಕೆಳಗೆ, ಒಂದೇ ಬಿಲ್ಲಿನಲ್ಲಿ ಬದುಕುವವರೆಲ್ಲ ಸೇರಿ ಒಂದು ಮನೆ. ಮಗನ ಜೊತೆ ಇರುವ ಅಪ್ಪ ಅಮ್ಮನಿಗೆ ಆದಾಯ ಇಲ್ಲದಿದ್ದರೂ ಮಗನ ಸಂಬಳ ಲೆಕ್ಕಕ್ಕೆ ಬರುತ್ತದೆ. ಆದರೆ ಬೇರೆ ಅಪಾರ್ಟ್‌ಮೆಂಟಿನಲ್ಲಿ, ತಮ್ಮದೇ ಹೆಸರಿನ ಬಿಲ್ಲು ಇಟ್ಟುಕೊಂಡಿರುವ ಹಿರಿಯರು ಬೇರೆ ಮನೆ. ಅವರು ಅರ್ಜಿ ಹಾಕಬಹುದು. ಮಗನಿಗೆ ಹೇಳಿದರೆ ಅವನು ಬೇಜಾರು ಮಾಡಿಕೊಳ್ಳುತ್ತಾನೆ ಅಂತ ಸುಮ್ನೆ ಕೂತಿರುವ ಅಮ್ಮಂದಿರು ನನಗೆ ಗೊತ್ತು. ಮಗನಿಗೆ ಹೇಳಬೇಡಿ ಅಂತ ನಾನು ಅನ್ನುವುದಿಲ್ಲ. ಚಳಿಯಲ್ಲಿ ಕೂರಬೇಡಿ ಅನ್ನುತ್ತೇನೆ.

ನಾಚಿಕೆಯ ವಿಷಯಕ್ಕೆ ಬಂದೆವು. ಇದರ ಬಗ್ಗೆ ನನಗೆ ಸ್ವಲ್ಪ ಜಾಸ್ತಿ ಮಾತಾಡಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹೇಳಿಸಿಕೊಂಡು ಬೆಳೆದವರು ನಾವು. ಒಳ್ಳೆಯ ಮಾತು. ಸೀರೆಗೆ, ಕಾರಿಗೆ, ಮದುವೆಯ ಛತ್ರಕ್ಕೆ ಸರಿಯಾಗಿ ಹೊಂದುತ್ತದೆ. ಫರ್ನೇಸ್‌ಗೆ ಹೊಂದುವುದಿಲ್ಲ. ಇಲ್ಲಿನ ಫೆಬ್ರವರಿಯಲ್ಲಿ ಕಾಲು ಮಡಚಿಕೊಂಡು ಮಲಗಿದರೂ ಬಿಲ್ಲು ಬರುತ್ತದೆ. 2019ರ ಜನವರಿ 30 ನೆನಪಿದೆಯಾ? ಭಯಂಕರ ಚಳಿ. ಮಕೋಂಬ್ ಕೌಂಟಿಯ ಗ್ಯಾಸ್ ಕಂಪ್ರೆಸರ್ ಸ್ಟೇಷನ್‌ಗೆ ಬೆಂಕಿ ಬಿತ್ತು. ರಾತ್ರಿ ಎಲ್ಲರ ಫೋನೂ ಒಟ್ಟಿಗೆ ಕಿರುಚಿತು. ಥರ್ಮೋಸ್ಟಾಟ್ 65ಕ್ಕೆ ಇಳಿಸಿ ಅಂತ ಮೆಸೇಜ್. ಮರುದಿನ ಎಲ್ಲರೂ ಅದರ ಬಗ್ಗೆಯೇ ಮಾತಾಡಿದರು, 65ರಲ್ಲಿ ಹೇಗೆ ಮಲಗಿದೆವು ಅಂತ. ಅದಕ್ಕಿಂತ ಕೆಳಗಿಟ್ಟು ಇಡೀ ಚಳಿಗಾಲ ಮಲಗುವ ಮನೆಗಳಿವೆ. ನಮ್ಮವರ ಮನೆಗಳೂ ಇವೆ. ಅವರ ಫೋನಿಗೆ ಯಾರೂ ಮೆಸೇಜ್ ಕಳಿಸುವುದಿಲ್ಲ.

ಊರಿನಲ್ಲಿ 2023ರಲ್ಲಿ ಗೃಹಜ್ಯೋತಿ ಬಂತು. ತಿಂಗಳಿಗೆ 200 ಯೂನಿಟ್‌ವರೆಗೆ ಕರೆಂಟು ಉಚಿತ. ನಿಮ್ಮ ಅಮ್ಮ, ಅತ್ತೆ, ಚಿಕ್ಕಪ್ಪ ಎಲ್ಲರೂ ಆರ್‌.ಆರ್‌. ನಂಬರ್, ಆಧಾರ್ ಹಿಡಿದು ಸೇವಾಸಿಂಧುವಿನಲ್ಲಿ ಹೆಸರು ಹಾಕಿಸಿದರು. ಯಾರಾದರೂ ನಾಚಿಕೊಂಡರಾ? ಇಲ್ಲ. ಸರ್ಕಾರದ ಯೋಜನೆ, ನಮಗೆ ಸಲ್ಲುತ್ತದೆ, ತಗೊಂಡೆವು ಅಂದರು. ಅವರ ಮಕ್ಕಳಾದ ನಾವು ಇಲ್ಲಿ ವರ್ಷಗಟ್ಟಲೆ ಟ್ಯಾಕ್ಸ್ ಕಟ್ಟಿ, ಒಂದು ಕೆಟ್ಟ ಚಳಿಗಾಲದಲ್ಲಿ ನಮಗೆ ಸಲ್ಲುವುದನ್ನು ಕೇಳಲು ಹಿಂಜರಿಯುತ್ತೇವೆ. ಒಂದು ವ್ಯತ್ಯಾಸ ಮಾತ್ರ ನೆನಪಿಡಿ. ಗೃಹಜ್ಯೋತಿ ಹೆಸರು ಹಾಕಿಸಿ, ಮಿತಿಯೊಳಗೆ ಕರೆಂಟು ಬಳಸಿದವರಿಗೆಲ್ಲ ಪ್ರತಿ ತಿಂಗಳೂ ಬರುತ್ತದೆ. ಲೈಹೀಪ್‌ಗೆ ಇಟ್ಟ ಹಣ ಮುಗಿದರೆ ಮುಗಿಯಿತು. 2025ರಲ್ಲಂತೂ ಇಲ್ಲಿನ ಕೇಂದ್ರ ಸರ್ಕಾರ ಖರ್ಚಿಗೆ ಒಪ್ಪಿಗೆ ಸಿಗದೆ ಅಕ್ಟೋಬರ್ 1ರಿಂದ 43 ದಿನ ಮುಚ್ಚಿತ್ತು. ರಾಜ್ಯಗಳಿಗೆ ಹಣ ಬರುವುದೇ ತಡವಾಯಿತು. ಸಾಲಿನಲ್ಲಿ ಮುಂದೆ ನಿಂತವರಿಗೆ ಸಿಗುತ್ತದೆ.

ಈಗ ಮಿಶಿಗನ್‌ನಲ್ಲಿ ಏನು ಮಾಡಬೇಕು.

ಬಿಲ್ಲು ಕೈಗೆ ಬಂದ ತಕ್ಷಣ ಒಡೆಯಿರಿ. ಟೇಬಲ್ ಮೇಲೆ ಹರಡಿ. ಮೀಟರ್ ರೀಡಿಂಗ್ ಪಕ್ಕದಲ್ಲಿ ಅದು ನಿಜವಾಗಿ ಓದಿದ್ದಾ, ಅಂದಾಜಾ ಅಂತ ಬರೆದಿರುತ್ತದೆ. ಅಂದಾಜು ಅಂತಿದ್ದರೆ ಬೇಸ್ಮೆಂಟಿಗೋ ಮನೆ ಪಕ್ಕಕ್ಕೋ ಹೋಗಿ ನೀವೇ ಮೀಟರ್ ಓದಿ, ಫೋಟೋ ತೆಗೆದು ಹೋಲಿಸಿ. ಆಮೇಲೆ ಈ ತಿಂಗಳದ್ದು ಎಷ್ಟು, ಹಳೆ ಬಾಕಿ ಎಷ್ಟು ಅಂತ ಬೇರೆ ಬೇರೆ ನೋಡಿ. ನಮ್ಮವರು ಕೊನೆಯ ಮೊತ್ತ ಒಂದನ್ನೇ ನೋಡಿ ಗಾಬರಿಯಾಗುತ್ತಾರೆ. ಇನ್ನೊಂದು ಸಾಲು ಇದೆ, ಗ್ಯಾಸ್ ಯಾರು ಮಾರುತ್ತಿದ್ದಾರೆ ಅನ್ನುವುದು. ಬಾಗಿಲಿಗೆ ಬಂದು ಬಿಲ್ಲು ತೋರಿಸಿ, ಕಡಿಮೆ ಮಾಡಿಕೊಡುತ್ತೇವೆ ಅಂತ ಸಹಿ ಹಾಕಿಸಿಕೊಂಡು ಹೋಗುವ ಬೇರೆ ಕಂಪನಿಗಳಿವೆ. ಕೆಲವು ತಿಂಗಳು ಕಡಿಮೆ ದರ, ಆಮೇಲೆ ಏರಿಕೆ. ನಿಮ್ಮ ಬಿಲ್ಲಿನಲ್ಲಿ ಗೊತ್ತಿಲ್ಲದ ಹೆಸರು ಕಂಡರೆ ವಿಚಾರಿಸಿ. ಬಾಗಿಲಲ್ಲಿ ನಿಂತವರಿಗೆ ಬಿಲ್ಲು ತೋರಿಸಲೇಬೇಡಿ.

ಕಟ್ಟಲಾಗುವುದಿಲ್ಲ ಅನಿಸಿದರೆ ಮೊದಲ ಫೋನು ಕಂಪನಿಗೆ. ಎರಡು ಮಾತು ಸಾಕು. ಈ ತಿಂಗಳು ಪೂರ್ತಿ ಕಟ್ಟಲಾಗುವುದಿಲ್ಲ, ಕಂತು ಮಾಡಿಕೊಡಿ ಅನ್ನಿ. ವರ್ಷದ ಬಿಲ್ಲನ್ನು ಹನ್ನೆರಡು ತಿಂಗಳಿಗೆ ಸಮವಾಗಿ ಹಂಚುವ ಯೋಜನೆಯೂ ಇದೆ, ಬೇಸಿಗೆಯಲ್ಲೇ ಸೇರಿಕೊಂಡರೆ ಜನವರಿಯ ಹೊಡೆತ ತಪ್ಪುತ್ತದೆ. ಚಳಿಗಾಲದ ರಕ್ಷಣೆ ಬೇಕು ಅಂತಲೂ ಕೇಳಿ. ಮಿಶಿಗನ್‌ನಲ್ಲಿ ಅದು ನವೆಂಬರ್ 1ರಿಂದ ಮಾರ್ಚ್ 31ರವರೆಗೆ. 65 ತುಂಬಿದವರಿಗೂ, ಕಡಿಮೆ ಆದಾಯದವರಿಗೂ ಇದೆ. ಬಾಕಿ ಮನ್ನಾ ಆಗುವುದಿಲ್ಲ, ಆಮೇಲೆ ಕಟ್ಟಬೇಕು. ಕಡಿಮೆ ಆದಾಯದವರು ಚಳಿಗಾಲದಲ್ಲೂ ತಿಂಗಳು ತಿಂಗಳು ಒಂದು ಪಾಲು ಕಟ್ಟುತ್ತಿರಬೇಕು. ಆದರೆ ನಡು ಚಳಿಯಲ್ಲಿ ಗ್ಯಾಸ್ ಕಡಿಯುವುದಿಲ್ಲ. ಮನೆಯಲ್ಲಿ ಆಕ್ಸಿಜನ್ ಯಂತ್ರದಂಥದ್ದು ಇದ್ದರೆ ಡಾಕ್ಟರ ಪತ್ರ ಕೊಟ್ಟು ಗಡುವು ಕೇಳಬಹುದು.

ಎರಡನೆಯ ಫೋನು 211ಕ್ಕೆ. ಆ ಕರೆಗೆ ದುಡ್ಡು ಕೊಡಬೇಕಿಲ್ಲ. ಹಗಲು ರಾತ್ರಿ ಯಾವಾಗಲಾದರೂ ಮಾಡಿ. ಇಂಗ್ಲಿಷ್ ಕಷ್ಟವಾದರೆ ಕನ್ನಡ ಮಾತಾಡುವ ದುಭಾಷಿ ಬೇಕು ಅಂತ ಕೇಳಲು ಹಿಂಜರಿಯಬೇಡಿ. ಲೈಹೀಪ್ ಹಣದಿಂದ ಬರುವ ಸರ್ಕಾರದ ತುರ್ತು ಸಹಾಯ, ಅಂದರೆ ಸ್ಟೇಟ್ ಎಮರ್ಜೆನ್ಸಿ ರಿಲೀಫ್‌ಗೆ ಎಂಐ ಬ್ರಿಡ್ಜಸ್ ಅನ್ನುವ ತಾಣದಲ್ಲಿ ಅರ್ಜಿ. ಗುರುತಿನ ಚೀಟಿ, ಮನೆಯ ಎಲ್ಲರ ಸೋಶಿಯಲ್ ಸೆಕ್ಯುರಿಟಿ ನಂಬರ್, 30 ದಿನದ ಆದಾಯದ ಕಾಗದ, ಬಿಲ್ಲು ಅಥವಾ ನೋಟಿಸ್. ಇಷ್ಟನ್ನು ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿಡಿ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರ ಅರ್ಜಿ ನಿಲ್ಲುವುದು ಆದಾಯಕ್ಕಲ್ಲ, ಒಂದು ಕಾಗದ ಸಿಗದೆ. ನಿಜವಾದ ತುರ್ತು ಇದ್ದರೆ 48 ಗಂಟೆಯೊಳಗೆ ಏನಾದರೂ ನೆರವು ಕೊಡಬೇಕು ಅಂತ ಲೈಹೀಪ್ ಕಾನೂನಿನಲ್ಲಿದೆ. ಪ್ರಾಣಕ್ಕೆ ಅಪಾಯ ಅಂತಾದರೆ 18 ಗಂಟೆ. ಆ ಪದವನ್ನು ಅರ್ಜಿಯಲ್ಲೇ ಬಳಸಿ, ಮನೆಯಲ್ಲಿ ಹಸುಗೂಸು ಇದೆ, ಹಿರಿಯರಿದ್ದಾರೆ ಅಂತ ಬರೆಯಿರಿ. ಹಳ್ಳಿ ಕಡೆ ಪ್ರೊಪೇನ್ ಟ್ಯಾಂಕ್ ಇಟ್ಟುಕೊಂಡವರಿಗೂ ಇದು ಇದೆ. ಟ್ಯಾಂಕ್ ಬರಿದಾಗುವ ಮೊದಲು ಕರೆ ಮಾಡಿ.

ಇನ್ನೊಂದು ನನ್ನ ಕೈಯಾರೆ ತುಂಬುವ ಫಾರ್ಮ್. ಟ್ಯಾಕ್ಸ್ ಸಮಯದಲ್ಲಿ ನಾನು ಉಚಿತವಾಗಿ ರಿಟರ್ನ್ ತುಂಬಿಕೊಡುವ ಸ್ವಯಂಸೇವಕರ ಜೊತೆ ಕೂರುತ್ತೇನೆ. ಮಿಶಿಗನ್‌ನಲ್ಲಿ ಹೋಮ್ ಹೀಟಿಂಗ್ ಕ್ರೆಡಿಟ್ ಅಂತ ಒಂದಿದೆ. ಫಾರ್ಮ್ ಎಂಐ-1040ಸಿಆರ್-7. ಬಾಡಿಗೆಯವರೂ ಹಾಕಬಹುದು, ಮನೆಯೊಡೆಯರೂ ಹಾಕಬಹುದು. ಟ್ಯಾಕ್ಸ್ ರಿಟರ್ನ್ ಹಾಕುವಷ್ಟು ಆದಾಯ ಇಲ್ಲದವರೂ ಹಾಕಬಹುದು. ಬಾಡಿಗೆಯಲ್ಲೇ ಹೀಟಿಂಗ್ ಸೇರಿದ್ದರೆ ಅರ್ಧ ಸಿಗುತ್ತದೆ. ಇದಕ್ಕೆ ಸೆಪ್ಟೆಂಬರ್ 30 ಕೊನೆ ದಿನ. ಏಪ್ರಿಲ್ 15 ಮುಗಿದ ಮೇಲೆ ಎಲ್ಲರೂ ಫೈಲ್ ಕಟ್ಟಿಡುತ್ತಾರೆ, ಇದೊಂದು ಹಾಗೇ ಉಳಿಯುತ್ತದೆ. ಹಲವರಿಗೆ ಇದು ಚೆಕ್ಕಾಗಿ ಬರುವುದಿಲ್ಲ, ಹೀಟಿಂಗ್ ಕಂಪನಿಗೆ ಕೊಡಬೇಕಾದ ಡ್ರಾಫ್ಟ್ ಆಗಿ ಬರುತ್ತದೆ. ಏನೋ ಜಾಹೀರಾತು ಅಂತ ಅದನ್ನು ಕಸಕ್ಕೆ ಹಾಕಬೇಡಿ.

ಸರ್ಕಾರದ ಆಚೆಗೂ ಇದ್ದಾರೆ. ಡೆಟ್ರಾಯಿಟ್‌ನಲ್ಲಿ 1985ರಿಂದ ಇರುವ ಥಾ ಅನ್ನುವ ಸಂಸ್ಥೆ ಇದಕ್ಕಾಗಿಯೇ ಇದೆ. ಸಾಲ್ವೇಷನ್ ಆರ್ಮಿ, ಸೇಂಟ್ ವಿನ್ಸೆಂಟ್ ಡಿ ಪಾಲ್ ಸೊಸೈಟಿ ಇವರೂ ಬಿಲ್ಲಿಗೆ ನೆರವಾಗುತ್ತಾರೆ. ನಿಮ್ಮ ಜಾತಿ ಧರ್ಮ ಕೇಳುವುದಿಲ್ಲ. ಫೋನ್ ಬಿಲ್ಲಿಗೆ ಲೈಫ್‌ಲೈನ್ ಅನ್ನುವ ಯೋಜನೆಯಲ್ಲಿ ತಿಂಗಳಿಗೆ 9.25 ಡಾಲರ್‌ವರೆಗೆ ಕಡಿತ ಇದೆ. ನೀರಿನ ಬಿಲ್ಲಿಗೆ ಕೋವಿಡ್ ಕಾಲದಲ್ಲಿ ಬಂದಿದ್ದ ಕೇಂದ್ರದ ನೆರವು ಮುಗಿದಿದೆ, ಊರಿನ ನೀರಿನ ಆಫೀಸಿನಲ್ಲೇ ಕೇಳಬೇಕು.

ಈಗ ಒಂದು ಊದುಬತ್ತಿ ಹಚ್ಚೋಣ. ನಿಜವಾಗಿಯೂ ಹೇಳುತ್ತಿದ್ದೇನೆ. ಗಾಳಿ ಬೀಸುವ ಒಂದು ದಿನ ಊದುಬತ್ತಿ ಹಚ್ಚಿಕೊಂಡು ಕಿಟಕಿಯ ಅಂಚು, ಬಾಗಿಲಿನ ಕೆಳಗೆ, ಹೊರಗೋಡೆಯ ಪ್ಲಗ್ ಪಾಯಿಂಟ್, ಬೇಸ್ಮೆಂಟಿನಲ್ಲಿ ಗೋಡೆ ಮೇಲಿನ ಮರಕ್ಕೆ ಕೂಡುವ ಜಾಗ, ಇಲ್ಲೆಲ್ಲ ನಿಧಾನವಾಗಿ ಹಿಡಿದು ನೋಡಿ. ಪರದೆಗೆ ತಾಗದಂತೆ ಜೋಪಾನ. ಹೊಗೆ ನೇರ ಮೇಲಕ್ಕೆ ಹೋದರೆ ಸರಿ. ಅಡ್ಡ ವಾಲಿದರೆ ಅಲ್ಲಿ ಸಂದಿ ಇದೆ, ನಿಮ್ಮ ದುಡ್ಡು ಅಲ್ಲಿಂದ ಸೋರುತ್ತಿದೆ. ಹೋದ ವರ್ಷ ಒಬ್ಬ ಅಜ್ಜಿಯ ಮನೆಯಲ್ಲಿ ನಾವಿಬ್ಬರೂ ಹೀಗೆ ಸುತ್ತಿದೆವು. ದೇವರ ಮೂಲೆಯ ಹಿಂದಿನ ಕಿಟಕಿಯ ಹತ್ತಿರ ಹೊಗೆ ಎಷ್ಟು ಜೋರಾಗಿ ವಾಲಿತು ಅಂದರೆ, "ಅದಕ್ಕೇ ನಂದಾದೀಪ ನಿಲ್ತಾ ಇರಲಿಲ್ಲ ಕಣಮ್ಮ" ಅಂದರು. ಕೆಲವೇ ಡಾಲರ್‌ನ ಫೋಮ್ ಪಟ್ಟಿ ಅಂಟಿಸಿದೆವು.

ದೊಡ್ಡ ಮಟ್ಟದಲ್ಲಿ ಇದನ್ನೇ ಮಾಡಿಕೊಡುವ ಸರ್ಕಾರಿ ಕಾರ್ಯಕ್ರಮ ಇದೆ. ವೆದರೈಸೇಷನ್ ಅನ್ನುತ್ತಾರೆ, 1976ರಿಂದ ನಡೆಯುತ್ತಿದೆ. ಬಡತನ ರೇಖೆಯ ಎರಡು ಪಟ್ಟಿನವರೆಗೆ ಆದಾಯ ಇದ್ದವರಿಗೆ ಉಚಿತ. ಮುಂಬಾಗಿಲಿಗೆ ಬಟ್ಟೆ ಬಿಗಿದು ದೊಡ್ಡ ಫ್ಯಾನು ಕೂರಿಸಿ ಮನೆಯ ಗಾಳಿ ಹೊರಗೆಳೆದು, ಎಲ್ಲೆಲ್ಲಿ ಸೋರುತ್ತದೆ ಅಂತ ಅಳೆಯುತ್ತಾರೆ. ಅಟ್ಟಕ್ಕೆ ಇನ್ಸುಲೇಷನ್ ತುಂಬುತ್ತಾರೆ, ಫರ್ನೇಸ್ ಪರೀಕ್ಷೆ ಮಾಡುತ್ತಾರೆ. ಕಾಯುವ ಪಟ್ಟಿ ಉದ್ದ ಇರುತ್ತದೆ. ಹಾಗಾಗಿ ಇವತ್ತೇ ಹೆಸರು ಬರೆಸಿ. ಬಿಲ್ಲಿನ ಸಹಾಯ ಒಂದು ಚಳಿಗಾಲಕ್ಕೆ, ಇದು ಮುಂದಿನ ಎಲ್ಲ ಚಳಿಗಾಲಕ್ಕೆ. ನನ್ನನ್ನು ಕೇಳಿದರೆ ಎಲ್ಲ ಯೋಜನೆಗಳಲ್ಲಿ ಒಳ್ಳೆಯದು ಇದೇ.

ಮಾಡಲೇಬಾರದ್ದು ಒಂದಿದೆ. ಬಿಸಿಗೆಂದು ಓವನ್ ಬಾಗಿಲು ತೆಗೆದಿಡಬೇಡಿ, ಗ್ಯಾಸ್ ಒಲೆ ಉರಿಸಿಕೊಂಡು ಕೂರಬೇಡಿ. ಊರಿನಲ್ಲಿ ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡುತ್ತಿದ್ದೆವು. ಆ ಮನೆಗೆ ಹೆಂಚಿನ ಸಂದಿ ಇತ್ತು, ಗವಾಕ್ಷಿ ಇತ್ತು. ಇಲ್ಲಿ ಎಲ್ಲ ಮುಚ್ಚಿದ ಮನೆ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಏಳುವುದಿಲ್ಲ. ಇದ್ದಿಲಿನ ಗ್ರಿಲ್ ಮನೆಯೊಳಗೆ ತರಲೇಬೇಡಿ. ಆ ವಿಷಗಾಳಿ ಬಂದರೆ ಕೂಗುವ ಅಲಾರಾಂ ಇದೆಯಾ, ಬ್ಯಾಟರಿ ಇದೆಯಾ, ಇವತ್ತು ಮನೆಗೆ ಹೋದ ಕೂಡಲೇ ನೋಡಿ.

ಮೋಸದ ಫೋನಿನ ಬಗ್ಗೆ ಒಂದು ನಿಮಿಷ. 2022ರಲ್ಲಿ ಊರಿನಲ್ಲಿ ಎಲ್ಲರ ಫೋನಿಗೂ ಬರುತ್ತಿತ್ತಲ್ಲ, ಇವತ್ತು ರಾತ್ರಿ ಒಂಬತ್ತೂವರೆಗೆ ನಿಮ್ಮ ಕರೆಂಟು ಕಟ್ ಅಂತ? ಇಲ್ಲೂ ಅದೇ ಆಟ. ಅರ್ಧ ಗಂಟೆಯಲ್ಲಿ ಕಡಿಯುತ್ತೇವೆ, ಗಿಫ್ಟ್ ಕಾರ್ಡ್ ತಂದು ನಂಬರ್ ಹೇಳಿ ಅನ್ನುತ್ತಾರೆ. ಯಾವ ಗ್ಯಾಸ್ ಕಂಪನಿಯೂ ಗಿಫ್ಟ್ ಕಾರ್ಡ್ ಕೇಳುವುದಿಲ್ಲ. ಫೋನ್ ಇಡಿ, ಬಿಲ್ಲಿನಲ್ಲಿರುವ ನಂಬರಿಗೆ ನೀವೇ ಕರೆ ಮಾಡಿ.

ಈಗ ನಿಮ್ಮ ಪ್ರಶ್ನೆಗಳು.

ಹಿರಿಯರೊಬ್ಬರು ಕೇಳಿದರು: "ಗ್ರೀನ್ ಕಾರ್ಡ್ ಬಂದು ಎರಡು ವರ್ಷ ಆಯ್ತಮ್ಮ. ಐದು ವರ್ಷ ಆಗೋವರೆಗೂ ಏನೂ ಕೇಳಬಾರದು ಅಂತಾರಲ್ಲ?"

ಆ ಐದು ವರ್ಷದ ನಿಯಮ ಚಿಕಿತ್ಸೆಗೆ ಕೊಡುವ ಮೆಡಿಕೇಡ್, ದಿನಸಿಗೆ ಕೊಡುವ ಫುಡ್ ಸ್ಟ್ಯಾಂಪ್ ಥರದ ಕೆಲವಕ್ಕೆ ರಾಯರೇ. ಲೈಹೀಪ್‌ಗೆ ಇಲ್ಲ. ಗ್ರೀನ್ ಕಾರ್ಡ್ ಇದ್ದವರು ಮೊದಲ ವರ್ಷವೇ ಅರ್ಜಿ ಹಾಕಬಹುದು. 2022ರ ನಿಯಮದಲ್ಲಿ, ಗ್ರೀನ್ ಕಾರ್ಡ್ ಕೊಡುವ ಮುಂಚೆ ಇವರು ಸರ್ಕಾರಕ್ಕೆ ಹೊರೆಯಾಗುವವರಾ ಅಂತ ಲೆಕ್ಕ ಹಾಕುವಾಗ ಹೀಟಿಂಗ್ ಸಹಾಯ ಸೇರುವುದಿಲ್ಲ. ಆದರೆ ಆ ನಿಯಮವನ್ನು ತೆಗೆದುಹಾಕುವ ಪ್ರಸ್ತಾವ 2025ರ ನವೆಂಬರ್‌ನಲ್ಲಿ ಬಂದಿದೆ. ಗ್ರೀನ್ ಕಾರ್ಡ್ ಅರ್ಜಿ ಇನ್ನೂ ಬಾಕಿ ಇರುವವರು ಇಮಿಗ್ರೇಷನ್ ವಕೀಲರನ್ನು ಒಂದು ಮಾತು ಕೇಳಿಯೇ ಮುಂದುವರಿಯಿರಿ.

ಒಬ್ಬ ಹುಡುಗ ಕೇಳಿದ, ಎಚ್‌-1ಬಿ ಕೆಲಸದ ವೀಸಾ ಇದ್ದು ಕೆಲಸ ಹೋಗಿದೆ, ಬೇರೆ ಕೆಲಸ ಹುಡುಕಲು ಇರುವ 60 ದಿನದ ಗಡುವು ಓಡುತ್ತಿದೆ ಅಂತ.

ನಿನಗೆ ಲೈಹೀಪ್ ಹಣ ಸಿಗುವುದಿಲ್ಲಪ್ಪ. ಅದು ನಾಗರಿಕರಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ, ನಿರಾಶ್ರಿತರಂಥ ಕೆಲವರಿಗೆ. ಓದಲು ಬಂದ ವಿದ್ಯಾರ್ಥಿಗಳಿಗೂ ಹಾಗೆಯೇ. ಮನೆಯಲ್ಲಿ ಇಲ್ಲೇ ಹುಟ್ಟಿದ ಮಗು ಇದ್ದರೆ ವಿಚಾರಿಸಬಹುದು, ಅದಕ್ಕೂ ಮೊದಲು ವಕೀಲರನ್ನು ಕೇಳು. ಆದರೆ ಕಂಪನಿಯ ಕಂತಿಗೆ ವೀಸಾ ಕೇಳುವುದಿಲ್ಲ. 211ಕ್ಕೆ ಫೋನ್ ಮಾಡಲು ವೀಸಾ ಬೇಡ. ದಾನದ ಹಣದಲ್ಲಿ ನಡೆಯುವ ಸಂಸ್ಥೆಗಳು ತಮ್ಮ ಸ್ವಂತ ದುಡ್ಡಿನಿಂದ ಕೊಡುವುದಕ್ಕೂ ಬೇಡ. ಅಷ್ಟಾದ ಮೇಲೂ ಬಾಕಿ ಉಳಿದರೆ ಇಲ್ಲಿ ಕೂತಿರುವ ನಾವೆಲ್ಲ ಇದ್ದೇವೆ. ಸಭೆ ಮುಗಿದ ಮೇಲೆ ಬಂದು ನನ್ನನ್ನು ನೋಡು.

ಹಿಂದಿನ ಸಾಲಿನಿಂದ ಒಬ್ಬ ತಾಯಿ: "ಅರ್ಜಿ ಹಾಕಿದ್ದೆ, ಇಲ್ಲ ಅಂತ ಕಾಗದ ಬಂತು. ಸುಮ್ಮನಾದೆ."

ಆ ಕಾಗದ ಇಟ್ಟಿದ್ದೀರಾ? ಒಳ್ಳೆಯದಾಯಿತು. ಅದರ ಹಿಂದಿನ ಪುಟ ಓದಿ. ಇಲ್ಲ ಅಂದರೆ ಯಾಕೆ ಇಲ್ಲ ಅಂತ ಕೇಳುವ, ವಿಚಾರಣೆ ಬೇಡುವ ಹಕ್ಕು ನಿಮಗಿದೆ. ಮಿಶಿಗನ್‌ನಲ್ಲಿ 90 ದಿನದೊಳಗೆ ಕೇಳಬೇಕು. ದಿನಾಂಕ ನೋಡೋಣ, ಇನ್ನೂ ಸಮಯ ಇರಬಹುದು. ಎಷ್ಟೋ ಸಲ ಕಾರಣ ಚಿಕ್ಕದಿರುತ್ತದೆ, ಸಂಬಳದ ಒಂದು ಚೀಟಿ ಅಪ್‌ಲೋಡ್ ಆಗಿರುವುದಿಲ್ಲ.

ಬರುವ ಶನಿವಾರ ಬೆಳಗ್ಗೆ ಹತ್ತಕ್ಕೆ ನಾನು ಇದೇ ಹಾಲಿನಲ್ಲಿ, ಆ ಕಿಟಕಿ ಪಕ್ಕದ ಟೇಬಲ್‌ನಲ್ಲಿ ಕೂತಿರುತ್ತೇನೆ. ಜೊತೆಗೆ ಇನ್ನಿಬ್ಬರು ಇರುತ್ತಾರೆ. ಲ್ಯಾಪ್‌ಟಾಪ್, ಸ್ಕ್ಯಾನರ್ ತರುತ್ತೇವೆ, ಕಾಫಿಯೂ ಇರುತ್ತದೆ. ಆ ಕಾಗದ ತನ್ನಿ ತಾಯಿ. ಒಡೆಯದ ಲಕೋಟೆಗಳಿದ್ದರೆ ಹಾಗೇ ತನ್ನಿ, ಇಲ್ಲೇ ಒಟ್ಟಿಗೆ ಒಡೆಯೋಣ.